ಅರ್ಧ ಬಟ್ಟಲು ಚಹ

ಇಷ್ಟಕ್ಕೆಲ್ಲ ಕಾರಣ ಚಹದ ಬಟ್ಟಲು. ನರಿನ್ ಊರಿನಲ್ಲಿ ಬೇಕಾದವರಿಗೆ ಯಾರೂ ಬಟ್ಟಲು ತುಂಬಿಸಿ ಕೊಡುವುದಿಲ್ಲ. ಅರ್ಧ ಕೊಟ್ಟರೆ ‘ಕೂತಿರಿ, ಮತ್ತೆ ಹಾಕುತ್ತೇನೆ’ ಎಂದರ್ಥ. ಅಂಚಿನವರೆಗೆ ತುಂಬಿಸಿದರೆ ‘ಕುಡಿದು ಹೊರಡಿ’ ಎಂದರ್ಥ. ಎಸೆನ್‌ಕುಲ್ ಐದು ಚಳಿಗಾಲ ತನ್ನ ಅತ್ತೆ ಅನಿಪಾಳಿಗೆ ತುಳುಕುವಷ್ಟು ತುಂಬಿಸಿ ಕೊಟ್ಟಿದ್ದ. ಆಕೆ ಒಂದು ಹನಿಯೂ ಚೆಲ್ಲದೆ ಕುಡಿದು, “ಇನ್ನೊಂದು ಹಾಕಪ್ಪ” ಎನ್ನುತ್ತಿದ್ದಳು.

ಅತ್ತೆ ಕೆಟ್ಟವಳೇನಲ್ಲ. ಆದರೆ ಹೊಳೆಯಾಚೆಗಿನ ಅವಳ ಮನೆ ಜರಡಿ ಇದ್ದ ಹಾಗೆ, ಎಲ್ಲ ಕಡೆಯಿಂದಲೂ ಗಾಳಿ. ಮೊದಲ ಹಿಮ ಬಿದ್ದದ್ದೇ ಗಂಟು ಕಟ್ಟಿಕೊಂಡು ಮಗಳ ಮನೆಗೆ ಬಂದವಳು, ವಸಂತದ ಹಬ್ಬ ಮುಗಿಸಿಕೊಂಡೇ ಹೊರಡುತ್ತಿದ್ದಳು. ಅಷ್ಟು ದಿನವೂ ಒಲೆಯ ಪಕ್ಕದ ಜಾಗ ಅವಳದು. ಎಸೆನ್‌ಕುಲ್ ಕೆಮ್ಮಿದರೆ ಏಕೆ ಕೆಮ್ಮಿದ, ಕೆಮ್ಮದಿದ್ದರೆ ಎದೆಯಲ್ಲಿ ಏನು ಕಟ್ಟಿಕೊಂಡಿದೆ ಎಂಬ ವಿಚಾರಣೆ ಬೇರೆ. ಹೆಂಡತಿ ಬುರುಲ್ಚಾಳ ಜೊತೆ ಪಿಸುಮಾತಿನಲ್ಲಿ ಜಗಳವಾಡುವುದನ್ನು ಅವನು ಕಲಿತುಬಿಟ್ಟಿದ್ದ. ಒಂದೇ ಒಂದು ಚಳಿಗಾಲ ತನ್ನ ಮನೆಯಲ್ಲಿ ತಾನು ಬಾಯಿಬಿಟ್ಟು ಜಗಳವಾಡಬೇಕು ಎನ್ನುವುದು ಪಾಪ, ಅವನ ದೊಡ್ಡ ಆಸೆಯಾಗಿತ್ತು.

ಶಾಲೆಯ ಟೀಚರು ಚಿನಾರ ಊರಲ್ಲಿ ‘ಬಿಳಿ ಶಿಖರ ಬಳಗ’ ಎಂದು ಕಟ್ಟಿದ್ದಳು. ಮನೆಮನೆಯ ಕಲ್ಲಿದ್ದಲ ಹೊಗೆ ಕೂತು ಬೆಟ್ಟದ ಹಿಮ ಕಪ್ಪಾಗಿ ಕರಗುತ್ತಿದೆ, ಹಿಮ ಹೋದರೆ ನಾಳೆ ಹೊಳೆಯೂ ಇಲ್ಲ ಎಂದು ಆಕೆ ಎರಡು ವರ್ಷದಿಂದ ಹೇಳುತ್ತಿದ್ದಳು. ಎಸೆನ್‌ಕುಲ್ ಎರಡು ವರ್ಷದಿಂದ ನಗುತ್ತಿದ್ದ. ಈಗ ಕೇಳಿದರೆ, ಬಳಗದವರು ಯಾರಿಗೂ ಬೇಡವಾದ ಕುರಿಯುಣ್ಣೆಯನ್ನು ಅಟ್ಟಕ್ಕೆ ತುರುಕಿ, ಸಂದುಗಳಿಗೆ ಮಣ್ಣು ಮೆತ್ತಿ, ತಣ್ಣನೆಯ ಮನೆಗಳನ್ನು ಬೆಚ್ಚಗೆ ಮಾಡಿಕೊಡುತ್ತಾರಂತೆ. ಬೆಚ್ಚಗಿನ ಮನೆ ಬಿಟ್ಟು ಅತ್ತೆ ಯಾಕೆ ಬಂದಾಳು? ಎಸೆನ್‌ಕುಲನಿಗೆ ಬೆಟ್ಟದ ಹಿಮದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅಂದೇ ಹೋಗಿ ಬಳಗ ಸೇರಿದ, ಮೊದಲು ಅತ್ತೆಯ ಮನೆಯನ್ನೇ ಹಿಡಿಯಬೇಕೆಂದು ದುಂಬಾಲುಬಿದ್ದ. ಚಿನಾರಳ ಕಣ್ಣು ಒದ್ದೆಯಾಯಿತು. ಸಂಜೆಯೊಳಗೆ ಬೀದಿಯ ಅತ್ತೆಯರೆಲ್ಲ ತಂತಮ್ಮ ಅಳಿಯಂದಿರಿಗೆ ಅವನ ಉದಾಹರಣೆ ಕೊಟ್ಟು ಬೈದರು. ಒಬ್ಬ ಅಳಿಯನೂ ಅವನನ್ನು ಮಾತಾಡಿಸದ ಹಾಗಾಯಿತು.

ಭಾನುವಾರ ಅತ್ತೆಯ ಮನೆಯಲ್ಲಿ ಆಶರ್ ಸೇರಿತು. ಆಶರ್ ಎಂದರೆ ಕೆಲಸ ಊರಿನದು, ಊಟ ಮನೆಯವರದು, ಸಲಹೆ ಎಲ್ಲರದು. ಬೀದಿಗೆ ಹಿರಿಯನಾದ ಕಾಲಿಗುಲ್ ಅಜ್ಜ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮಣ್ಣು ಕಲಸುವವರಿಗೆ ನೀರು ಹೆಚ್ಚಾಯಿತು ಎಂದೂ, ನೀರು ಕಡಿಮೆ ಮಾಡಿದರೆ ಹೆಚ್ಚು ಹಾಕಿ ಎಂದೂ ಹೇಳುತ್ತಿದ್ದ. ಎಸೆನ್‌ಕುಲ್ ಎಲ್ಲರಿಗಿಂತ ಮೊದಲು ಅಟ್ಟ ಹತ್ತಿದ. ಒಬ್ಬರು ಒಂದು ಮೂಟೆ ತುರುಕುವ ಕಡೆ ಅವನು ಮೂರು ತುರುಕಿದ. ಒಂದು ಇರುವೆ ಹೋಗುವಷ್ಟು ಸಂದು ಕಂಡರೂ ಅದರಲ್ಲಿ ಅವನಿಗೆ ಅತ್ತೆಯ ಗಂಟು ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಶಾಮ್ಬೆತ್ ಬಂದ. ಅವನದು ಒಳಗೊಂದು ಒಲೆ, ಇಸ್ಪೀಟಾಡುವ ಜಗಲಿಗೆ ಇನ್ನೊಂದು. ಜಗಲಿಯದನ್ನಾದರೂ ನಿಲ್ಲಿಸಿ ಎಂದು ಚಿನಾರ ಕೇಳಿದ್ದಕ್ಕೆ, ತನ್ನ ಒಲೆಗೂ ಬೆಟ್ಟಕ್ಕೂ ಏನು ಸಂಬಂಧ, ಬೆಟ್ಟವೇನು ಬಂದು ದೂರು ಕೊಟ್ಟಿತೇ ಎಂದು ಅವನು ತಕರಾರು ತೆಗೆದ. ಬಳಗದ ಒಂದು ಸಭೆಗೂ ಹೋಗಿರದ ಎಸೆನ್‌ಕುಲನಿಗೆ ಆವೇಶ ಬಂದುಬಿಟ್ಟಿತು. ಅಟ್ಟದ ಕಿಂಡಿಯಿಂದ ತಲೆ ಹೊರಹಾಕಿದ.

“ಶಾಮ್ಬೆತಣ್ಣ, ಊರಲ್ಲಿ ಒಂದು ಒಲೆ ಕಮ್ಮಿ ಉರಿದ್ರೆ ಹೊಳೆಗೆ ಒಂದು ವರ್ಷ ಆಯಸ್ಸು ಜಾಸ್ತಿ. ಒಂದು ಒಲೆ ಬಿಟ್ಟುಕೊಟ್ಟೋನೇ ಗಂಡಸು. ಬಿಡದೇ ಇರೋನು ಊರಿಗೇ ದ್ರೋಹಿ.”

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಕಾಲಿಗುಲ್ ಅಜ್ಜ ಗಡ್ಡ ನೀವಿಕೊಂಡ. ಜನ ಇಷ್ಟು ಮೆಚ್ಚುತ್ತಾರೆಂದು ತಿಳಿಯದಿದ್ದ ಎಸೆನ್‌ಕುಲ್ ಎದೆ ಸೆಟೆಸಿ ಒಂದು ಹೆಜ್ಜೆ ಹಿಂದಿಟ್ಟ. ಅಲ್ಲಿ ತೊಲೆ ಇರಲಿಲ್ಲ.

ಕೆಳಗೆ ಅನಿಪಾ ಅತ್ತೆ ಆಶರ್ ಊಟಕ್ಕೆ ಹಿಟ್ಟು ಲಟ್ಟಿಸುತ್ತಿದ್ದಳು. ಮೇಲಿಂದ ಮೊದಲು ಮಣ್ಣು, ಆಮೇಲೆ ಬೂಟು, ಕೊನೆಗೆ ತೊಡೆಯವರೆಗೆ ಒಂದು ಕಾಲು ಇಳಿದು ಬಂತು. ಅವಳು ಹಿಟ್ಟಿನಿಂದ ಬೂಟನ್ನು ಎತ್ತಿ ಪಕ್ಕಕ್ಕಿಟ್ಟು, ತೂಗಾಡುತ್ತಿದ್ದ ಕಾಲನ್ನು ನೋಡಿದಳು.

“ಈ ಕಾಲುಚೀಲ ನಾನು ಹೆಣೆದಿದ್ದು. ಬಾಗಿಲು ಆ ಕಡೆ ಇದೆ ಅಳಿಯ.”

ಕಾಲನ್ನು ಮೇಲಿಂದ ನಾಲ್ವರು ಎಳೆದರು, ಕೆಳಗಿನಿಂದ ಇಬ್ಬರು ಹೆಂಗಸರು ದೂಡಿದರು. ತೂತಿಗೆ ಎರಡರಷ್ಟು ಉಣ್ಣೆ, ಅದರ ಮೇಲೆ ಹಸಿಮಣ್ಣು. ಕೆಲಸ ಮುಗಿಯುವಾಗ ಮಣ್ಣಿಗೆ ಉಣ್ಣೆ ಅಂಟಿ ಎಸೆನ್‌ಕುಲ್ ತುಪ್ಪಳ ಕತ್ತರಿಸದ ಟಗರಿನಂತಾಗಿದ್ದ. ಮಕ್ಕಳು ಅವನ ಹಿಂದೆ ಹಿಂದೆ ಬ್ಯಾ ಎನ್ನುತ್ತ ಓಡಾಡಿದವು. ಅವನಿಗೆ ಬೇಸರವೇ ಇಲ್ಲ, ತಾನೂ ಒಮ್ಮೆ ಬ್ಯಾ ಎಂದ.

ಸಂಜೆ ನಾಲ್ಕು ಬೆರಣಿ ಹಾಕಿ ಒಲೆ ಹೊತ್ತಿಸಿದರು. ನೋಡುತ್ತಿದ್ದ ಹಾಗೇ ಮನೆ ಬೆಚ್ಚಗಾಯಿತು. ಜನ ಟೋಪಿ ತೆಗೆದರು, ಕೋಟು ತೆಗೆದರು, ಕಾಲಿಗುಲ್ ಅಜ್ಜ ಮೂವತ್ತು ವರ್ಷದಲ್ಲಿ ಮೊದಲ ಸಲ ಎಂಬಂತೆ ಕುತ್ತಿಗೆಯ ಶಾಲು ಬಿಚ್ಚಿದ. ಬಿಸಿ ಮಾಂಸದ ತಟ್ಟೆ ಬಂತು, ಹಾಡು ಬಂತು. ಎಸೆನ್‌ಕುಲನಿಗೆ ಸ್ವರ್ಗಕ್ಕೆ ಮೂರೇ ಗೇಣು. ಎಲ್ಲರೂ ಇರುವಾಗಲೇ ಮಾತು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದೆಂದು, ಇನ್ನು ಚಳಿಗಾಲದಲ್ಲಿ ಅತ್ತೆ ಮನೆಬಿಟ್ಟು ಹೊರಡುವ ಕಷ್ಟವೇ ಇಲ್ಲವಲ್ಲ ಎಂದು ದೊಡ್ಡ ದನಿಯಲ್ಲಿ ಕೇಳಿದ.

ಅನಿಪಾ ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. “ಇಲ್ಲಪ್ಪ. ಇನ್ನು ನಾನು ಎಲ್ಲಿಗೂ ಬರಲ್ಲ.”

ಅವನಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅವಳು ಮುಂದುವರಿಸಿದಳು. “ನಾನಿಲ್ಲಿ ಬೆಚ್ಚಗೆ ಕೂತಿರೋದು, ನೀವಿಬ್ರೂ ಅಲ್ಲಿ ನಡುಗ್ತಾ ಇರೋದು. ಗಂಟಲಲ್ಲಿ ಅನ್ನ ಇಳಿಯುತ್ತಾ ನಂಗೆ?”

“ಅದಕ್ಯಾಕೆ ಅಳ್ತೀಯಮ್ಮ,” ಎಂದಳು ಬುರುಲ್ಚಾ. “ನಾವೇ ಇಲ್ಲಿಗೆ ಬರ್ತೀವಿ. ಎರಡು ಮನೇಲಿ ಎರಡು ಒಲೆ ಯಾಕೆ? ಮಧ್ಯಾಹ್ನ ಇವರೇ ಅಂದ್ರಲ್ಲ, ಒಂದು ಒಲೆ ಬಿಟ್ಟುಕೊಟ್ಟೋನೇ ಗಂಡಸು ಅಂತ.”

ಮೊದಲ ಚಪ್ಪಾಳೆ ಶಾಮ್ಬೆತನದು. ಬಳಗ ಆರಿಸಿದ ಮೊದಲ ಒಲೆ ಇದು, ಊರಿಗೇ ಮಾದರಿ ಎಂದು ಚಿನಾರ ಎದ್ದು ನಿಂತು ಹೇಳಿದಳು. ಮನೆ ಅಳಿಯ ಎಂದು ಜನ ಆಡಿಕೊಳ್ಳುತ್ತಾರಲ್ಲ ಎಂದು ಎಸೆನ್‌ಕುಲ್ ತೊದಲಿದ. ಆಡಿಕೊಳ್ಳಬೇಕಾದ ಜನರೆಲ್ಲ ಅಲ್ಲೇ ಇದ್ದರು, ಯಾರೂ ಆಡಿಕೊಳ್ಳುವುದಿಲ್ಲ ಎಂದು ಒಂದೇ ದನಿಯಲ್ಲಿ ಧೈರ್ಯ ಹೇಳಿದರು. ಹೇಳುವಾಗ ಶಾಮ್ಬೆತ್ ಮಾತ್ರ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದ.

ಅಷ್ಟರಲ್ಲಿ ಕಾಲಿಗುಲ್ ಅಜ್ಜ ಎರಡೂ ಅಂಗೈ ಬಿಚ್ಚಿ ಮೇಲಕ್ಕೆತ್ತಿದ. ಹಿರಿಯರು ಅಂಗೈ ಬಿಚ್ಚಿ ಹರಸಿದ ಮೇಲೆ ನರಿನ್‌ನಲ್ಲಿ ಹಿಂತೆಗೆಯುವ ಮಾತೇ ಇಲ್ಲ.

“ಒಂದೇ ಒಲೆ ಸುತ್ತ ನೂರು ಚಳಿಗಾಲ ಕೂಡಿ ಬಾಳಿ.”

ಎಲ್ಲರೂ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು ಆಮೀನ್ ಎಂದರು. ಹುಟ್ಟಿದಾಗಿನ ಅಭ್ಯಾಸ, ಎಸೆನ್‌ಕುಲನ ಕೈಗಳೂ ತಾವಾಗಿಯೇ ಎದ್ದು ಮುಖ ಸವರಿದವು.

ಅನಿಪಾ ಅತ್ತೆ ಒಲೆಯ ಪಕ್ಕದ ತನ್ನ ಜಾಗದಲ್ಲಿ ಕೂತು ಚಹ ಬಗ್ಗಿಸಿದಳು. ಮದುವೆಯಾದಂದಿನಿಂದ ಅವನು ಈ ಮನೆಗೆ ಬಂದಾಗಲೆಲ್ಲ ಅವಳು ಅಂಚಿನವರೆಗೆ ತುಂಬಿದ ಬಟ್ಟಲನ್ನೇ ಕೊಟ್ಟಿದ್ದಳು. ಇಂದು ಎರಡೂ ಕೈಯಲ್ಲಿ ಹಿಡಿದು, ಮುಖವರಳಿಸಿ, ಅವನ ಮುಂದೆ ಚಾಚಿದಳು. ಎಸೆನ್‌ಕುಲ್ ಬಗ್ಗಿ ನೋಡಿದ.

ಬಟ್ಟಲಲ್ಲಿ ಅರ್ಧಕ್ಕಿಂತಲೂ ಕಡಿಮೆ ಚಹವಿತ್ತು.