ಅಕ್ಕನ ಚೀಸು ಬೆಂಗಳೂರಿಗೆ ಹೋದದ್ದು

ಬೆಂಗಳೂರಿಗೆ ಹೋದವರು ಕೆಲವರು ಪರ್ಸು ಕಳೆದುಕೊಂಡು ಬರುತ್ತಾರೆ, ಕೆಲವರು ಛತ್ರಿ ಮರೆತು ಬರುತ್ತಾರೆ. ನಾನು ಅಲ್ಲಿನ ಚೀಸ್ ಅಂಗಡಿಗೆ ಹೋದಾಗಲೆಲ್ಲ ಮಾನ ಕಳೆದುಕೊಂಡು ಬಂದಿದ್ದೇನೆ. ಹಾಗಂತ ನಾನು ಚೀಸ್ ತಿನ್ನುವ ಕುಳವಲ್ಲ. ಹಿಂದೂಪುರದ ಹಾಲಿನ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕ್ಯಾನಿನ ಮುಚ್ಚಳ ತೆಗೆದು ಮೂಸಿ, "ಸರಿಯಿದೆ" ಅಥವಾ "ವಾಪಸ್" ಎಂದು ಹೇಳಿ ರಿಟೈರಾದವನು. ಯಂತ್ರ ಬಂದ ಮೇಲೂ ನಮ್ಮ ಮ್ಯಾನೇಜರ್ ಮೊದಲು ನನ್ನ ಮೂಗನ್ನೇ ಕೇಳುತ್ತಿದ್ದರು. ಆ ಗರ್ವ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದೇ ನನ್ನನ್ನು ಕೆಡಿಸಿದ್ದು.

ಚೀಸಿನ ಸಹವಾಸ ಬಂದದ್ದು ನನ್ನ ಅಕ್ಕನಿಂದ. ಅವಳನ್ನು ಕೊಟ್ಟದ್ದು ಕಲ್ಯಾಣದುರ್ಗದ ಹತ್ತಿರದ ಹಳ್ಳಿಗೆ. ಹದಿನೈದು ಮೇಕೆ ಸಾಕಿದ್ದಳು. ಯಾರೋ ಬಂದು ಹೆಂಗಸರಿಗೆ ಮೇಕೆ ಹಾಲಿನ ಚೀಸ್ ಮಾಡುವ ತರಬೇತಿ ಕೊಟ್ಟರು. ಕಲಿತ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಅಕ್ಕ ಒಬ್ಬಳೇ ಚೀಸು ಮಾಡಿದಳು. ಅಷ್ಟರಲ್ಲಿ ಅವಳ ಮಂಡಿ ಕೈಕೊಟ್ಟಿತು. ಮೇಕೆಗಳನ್ನು ಗೋರಂಟ್ಲದ ಬೀಗರ ಮನೆಗೆ ಹೊಡೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಕೊನೆಯ ಹಾಲಿನಲ್ಲಿ ಅವಳು ಬೆಲ್ಲದಚ್ಚಿನಂಥ ಮೂರು ಗಟ್ಟಿ ಚೀಸು ಮಾಡಿ, ಹಿತ್ತಿಲ ಕೋಣೆಯಲ್ಲಿ ಮಾಗಲು ಇಟ್ಟಳು. ಬೆಂಗಳೂರಿನ ಯಾವುದಾದರೂ ದೊಡ್ಡ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಅದು ಒಂದು ದಿನವಾದರೂ ಕೂತಿರಬೇಕು ಅನ್ನುವುದು ಅವಳ ಆಸೆ.

"ಬೆಂಗ್ಳೂರು ನಿಂಗೆ ಗೊತ್ತಲ್ಲ ಕಣ್ಲಾ, ನೀನೇ ಹೋಗಿ ಕೇಳ್ಕಂಡು ಬಾ" ಅಂದಳು. ನನಗೆ ಗೊತ್ತಿದ್ದ ಬೆಂಗಳೂರು ರೈಲು ನಿಲ್ದಾಣದಿಂದ ಎದುರಿನ ಹೋಟೆಲಿನವರೆಗೆ ಮಾತ್ರ. ಆದರೂ ಹೂಂ ಅಂದೆ.

ಚಪ್ಪಲಿ

ಮೊದಲನೇ ಸಲ ಬರಿಗೈಯಲ್ಲಿ ಹೋದೆ, ವಿಚಾರಿಸಿಕೊಂಡು ಬರಲು. ಅಂಗಡಿ ತಣ್ಣಗಿತ್ತು, ನೆಲ ಫಳಫಳ ಹೊಳೆಯುತ್ತಿತ್ತು. ನಮ್ಮ ಕೇಂದ್ರದಲ್ಲಿ ಹಾಲಿರುವ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುತ್ತಿರಲಿಲ್ಲ. ನಾನು ಅಭ್ಯಾಸದಂತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ನನ್ನ ಹಿಂದೆ ಬಂದ ದಂಪತಿ ನನ್ನ ಚಪ್ಪಲಿ ನೋಡಿ ತಮ್ಮ ಬೂಟು ಬಿಚ್ಚಿದರು. ಅವರ ಬೂಟು ನೋಡಿ ಅವರ ಹಿಂದಿನವರೂ ಬಿಚ್ಚಿದರು.

ಒಳಗೆ ಯಜಮಾನಿ, ಕನ್ನಡದ ಹೆಣ್ಣುಮಗಳೇ, ನಗುತ್ತಾ ಒಂದು ಚೂರು ಚೀಸನ್ನು ರುಚಿ ನೋಡಲು ಕೊಟ್ಟಳು. ನಾನು ಎಡಗೈ ಮೇಲೆ ಬಲಗೈ ಇಟ್ಟು ತೆಗೆದುಕೊಂಡು, ಬಾಯಿಗೆ ಹಾಕಿ, ಕೈಯನ್ನು ತಲೆಗೆ ಒರೆಸಿಕೊಂಡೆ. ಅದೂ ಅಭ್ಯಾಸವೇ. ಅಕ್ಕನ ವಿಷಯ ಹೇಳಿದೆ. "ಮೇಕೆ ಹಾಲಿಂದಾ? ತಂದುಕೊಡಿ ಸಾರ್, ಚೆನ್ನಾಗಿದ್ದರೆ ಖಂಡಿತ ಇಡ್ತೀನಿ" ಎಂದಳು. ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ಏಳು ಜೊತೆ ಚಪ್ಪಲಿ, ಬೂಟು ಸಾಲಾಗಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ನಿಂತು ಕೇಳಿದಳು: "ಯಾವ ದೇವ್ರಪ್ಪಾ ಇದು? ಪ್ರಸಾದ ಇನ್ನೂ ಕೊಡ್ತಾವ್ರಾ?"

ವಾಸನೆ

ಎರಡು ತಿಂಗಳು ಬಿಟ್ಟು ಅಕ್ಕ ಕರೆ ಕಳಿಸಿದಳು. ಮೂರು ಗಟ್ಟಿಯನ್ನೂ ಮುತ್ತುಗದ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಕಟ್ಟಿ, ಬುಟ್ಟಿಯಲ್ಲಿಟ್ಟಿದ್ದಳು. "ದಾರೀಲಿ ಬಿಚ್ಚಬ್ಯಾಡ. ಅಂಗ್ಡಿಯಮ್ಮನ ಕೈಗೇ ಕೊಡು" ಎಂದು ಮೂರು ಸಲ ಹೇಳಿದಳು. ಮೇಕೆಗಳು ಆವಾಗಲೇ ಗೋರಂಟ್ಲಕ್ಕೆ ಹೋಗಿದ್ದವು. ಖಾಲಿ ಕೊಟ್ಟಿಗೆಯಲ್ಲಿ ನಿಂತಿದ್ದ ಭಾವ, "ಜಾಗ್ರತ್ತಗಾ ತೀಸ್ಕಪೋವಯ್ಯಾ, ಹುಷಾರಾಗಿ ತಗಂಡೋಗು, ಇನ್ನು ಮಾಡಾಕೆ ಹಾಲಿಲ್ಲ" ಅಂದರು. ಪೆನುಕೊಂಡದ ಮೇಲೆ ಹೋಗುವ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದು, ಮರುದಿನ ಬೆಳಿಗ್ಗೆ ರೈಲು ಹತ್ತಿದೆ.

ರೈಲು ಹಿಂದೂಪುರ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಬೋಗಿಯಲ್ಲಿ ಗುಜುಗುಜು ಶುರುವಾಯಿತು. "ಇಲಿ ಸತ್ತೈತೆ" ಎಂದರು ಒಬ್ಬರು. "ಯಾರೋ ಒಣಮೀನು ತಂದವ್ರೆ" ಎಂದರು ಇನ್ನೊಬ್ಬರು. ಎಲ್ಲರೂ ಬಗ್ಗಿ ಸೀಟಿನ ಕೆಳಗೆ ಹುಡುಕಿದರು. ನಾನೂ ಹುಡುಕಿದೆ. ಎಲ್ಲರಿಗಿಂತ ಜೋರಾಗಿ ಹುಡುಕಿದೆ. ಅಷ್ಟಕ್ಕೆ ಸುಮ್ಮನಿರದೆ, ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕರ ಚೀಲ ತೋರಿಸಿ, "ಇದರಿಂದಲೇ ಅನ್ನಿಸ್ತದೆ, ನಾನು ಮೂವತ್ತೊಂದು ವರ್ಷ ಮೂಸಿದೋನು" ಎಂದೆ. ಆ ಪುಣ್ಯಾತ್ಮರು ಚೀಲ ಎತ್ತಿಕೊಂಡು ಹೋಗಿ ಬಾಗಿಲ ಬಳಿ ನಿಂತರು. ಗಾಳಿಗೆ ಚೀಲದ ಬಾಯಿ ತೆರೆದುಕೊಂಡಿತು. ಒಳಗಿದ್ದದ್ದು ಸೇವಂತಿಗೆ ಹೂವು.

ವಾಪಸ್

ಮುದುಕರ ಮುಖ ನೋಡಲಾಗದೆ ನಾನು ಬುಟ್ಟಿ ಹಿಡಿದು ಬೋಗಿಯ ಇನ್ನೊಂದು ತುದಿಗೆ ಹೋದೆ. ಅಲ್ಲಿ ಅಕ್ಕ ಬೇಡವೆಂದದ್ದನ್ನು ಮಾಡಿದೆ. ಬಟ್ಟೆ ಬಿಚ್ಚಿ ಎಲೆ ಸರಿಸಿದರೆ ಮೂರು ಗಟ್ಟಿಯ ಮೈಮೇಲೂ ಹತ್ತಿಯಂಥ ಬಿಳಿ ಬೂಷ್ಟು. ಅಲ್ಲಲ್ಲಿ ನೀಲಿ. ಮೂಗು ಹತ್ತಿರ ಒಯ್ದೆ. ಅದು ಮೂವತ್ತೊಂದು ವರ್ಷ ಕೊಟ್ಟ ತೀರ್ಪನ್ನೇ ಕೊಟ್ಟಿತು.

ನನಗೆ ಅಕ್ಕನ ಮೇಲೆ ಕನಿಕರ ಬಂತು, ನಿಜವಾಗಿಯೂ. ಇಂಥ ಕೆಟ್ಟ ಮಾಲನ್ನು ಆ ಫಳಫಳ ಅಂಗಡಿಯಲ್ಲಿ ಬಿಚ್ಚಿದರೆ ಅವಳ ಹೆಸರು ಏನಾಗಬೇಡ? ಗೌರಿಬಿದನೂರಿನಲ್ಲಿ ರೈಲು ನಿಂತಿತು. ಇಳಿದು, ಪ್ಲಾಟ್‌ಫಾರ್ಮಿನ ಕಸದ ಡಬ್ಬಿಗೆ ಮೂರನ್ನೂ ಹಾಕಿ, ಬರೀ ಬುಟ್ಟಿಯೊಂದಿಗೆ ಹತ್ತಿಕೊಂಡೆ. ಅಕ್ಕನ ಮಾನ ಉಳಿಸಿದೆ ಅಂದುಕೊಂಡೆ.

ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. "ಮೇಡಂ, ಬೂಷ್ಟು ಹಿಡಿದುಬಿಟ್ಟಿತ್ತು" ಎಂದೆ. ಆಕೆ ನನ್ನನ್ನು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ, ದೀಪದ ಕೆಳಗೆ, ಸಾಲಾಗಿ ಬೂಷ್ಟು ಹಿಡಿದ ಗಟ್ಟಿಗಳು. ಬಿಳಿಯವು, ನೀಲಿಯವು, ಬೂದಿ ಬಣ್ಣದವು. "ಈ ಬಿಳಿ ಬರಲಿ ಅಂತಲೇ ವಾರಗಟ್ಟಲೆ ಕಾಯೋದು ಸಾರ್. ಮನೇಲೇ ಹೀಗೆ ಬಂದಿದೆ ಅಂದರೆ ನಿಮ್ಮಕ್ಕನ ಕೈಗುಣ ದೊಡ್ಡದು. ಎಲ್ಲಿ, ತೋರಿಸಿ" ಎಂದಳು. ನಾನು ಬುಟ್ಟಿಯ ತಳ ತೋರಿಸಿದೆ.

"ಬಿಸಾಕಿದ್ರಾ? ಯಾರಾದರೂ ಬಿಸಾಕ್ತಾರಾ ಸಾರ್?"

"ಬಿಸಾಕ್ತಾರೆ ಮೇಡಂ, ಹಿಂದೂಪುರದ ಕಡೆ" ಎಂದೆ.

ಸಿಕ್ಕಿದ ರೈಲು ಹತ್ತಿ ಗೌರಿಬಿದನೂರಿನಲ್ಲಿ ಇಳಿದೆ. ಡಬ್ಬಿ ಖಾಲಿಯಾಗಿತ್ತು. ಪ್ಲಾಟ್‌ಫಾರ್ಮ್ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದೆ. "ಎಲೇಲಿ ಸುತ್ತಿದ್ದಾ? ಲಾರಿಗೆ ಹೋಯ್ತು ಕಣಪ್ಪ. ಯಾವನೋ ಬುದ್ಧಿಗೇಡಿ, ತಿನ್ನೋ ವಸ್ತೂನ ಬೂಷ್ಟು ಬರಗಂಟ ಇಟ್ಕಂಡವ್ನೆ" ಎಂದಳು. ಬೈದದ್ದು ತಪ್ಪು ಕಾರಣಕ್ಕೆ, ಆದರೆ ಸರಿಯಾದ ಮನುಷ್ಯನಿಗೆ.

ಮೇಲಿನ ಸಾಲು

ಅಕ್ಕನಿಗೆ ನಿಜ ಹೇಳಬೇಕೆಂದೇ ಫೋನ್ ಮಾಡಿದೆ. ಅವಳು ಎತ್ತಿದ ತಕ್ಷಣ, "ಗಾಜಿನ ಪೆಟ್ಗೇಲಿ ಇಕ್ಕಿದ್ರೇನ್ಲಾ?" ಅಂದಳು. ಆ ದನಿ ಕೇಳಿ ನನ್ನ ಬಾಯಿ ತಾನಾಗಿ, "ಇಕ್ಕಿದ್ರಕ್ಕ" ಎಂದಿತು.

"ಮ್ಯಾಲಿನ ಸಾಲಲ್ಲಾ, ಕೆಳಗ್ಲ ಸಾಲಲ್ಲಾ?"

"ಮೇಲಿನ ಸಾಲಲ್ಲಿ."

ಒಂದು ವಾರದೊಳಗೆ ಆ ಮೇಲಿನ ಸಾಲಿನ ಸುದ್ದಿ ಅಕ್ಕನ ಊರು ದಾಟಿ ಬ್ರಹ್ಮಸಮುದ್ರದವರೆಗೆ ಮುಟ್ಟಿತ್ತು. ಬಸ್ಸಿನ ಕಂಡಕ್ಟರ್ ಕೂಡ, "ಮೀ ಅಕ್ಕ ಚೀಜು ಬೆಂಗಳೂರ್ಲೋ ಉಂದಂಟ ಕದಾ, ನಿಮ್ಮಕ್ಕನ ಚೀಜು ಬೆಂಗ್ಳೂರಲ್ಲೈತಂತಲ್ಲ" ಎಂದು ಸೀಟು ಕೊಟ್ಟ. ಅಕ್ಕನ ಪಕ್ಕದ ಮನೆಯಾಕೆ ತಾನು ಮಾಡಿದ ಕಡಲೆಕಾಯಿ ಚಟ್ನಿಪುಡಿಯನ್ನು ದೊಡ್ಡ ಡಬ್ಬಿಯಲ್ಲಿ ತಂದು, "ಅಣ್ಣಾ, ಇದ್ನೂ ಅದೇ ಗಾಜಲ್ಲಿ ಇಕ್ಸು" ಎಂದಳು. ಬೇಡವೆನ್ನಲು ಯಾವ ಕಾರಣ ಹೇಳಲಿ? ಡಬ್ಬಿ ತಂದೆ. ಮಾಡಿದ ಪಾಪಕ್ಕೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ, ಊಟ ಸೇರಲಿಲ್ಲ ಎಂದು ಬರೆಯಬೇಕು. ಆದರೆ ಆ ಚಟ್ನಿಪುಡಿ ಇದ್ದಷ್ಟು ದಿನ ಊಟ ಚೆನ್ನಾಗಿಯೇ ಸೇರಿತು.

ಮೆಣಸು

ಈ ವರ್ಷ ಅಕ್ಕನ ಮಂಡಿ ತೋರಿಸಲು ಬೆಂಗಳೂರಿಗೆ ಹೋಗಬೇಕಾಯಿತು. ನಾನು ಹೆದರಿದ್ದೇ ಆಯಿತು. ಡಾಕ್ಟರ ಕೋಣೆಯಿಂದ ಹೊರಗೆ ಬಂದವಳೇ, "ಇನ್ನು ಅಂಗ್ಡಿಗೆ ನಡಿ. ಖಾಲಿಯಾಗಿದ್ರೂ ಸರಿ, ಕೂತಿದ್ದ ಜಾಗ ನೋಡ್ಬುಟ್ಟು ಬತ್ತೀನಿ" ಎಂದಳು. ನಾನು ಮರೆಗೆ ಹೋಗಿ ಅಂಗಡಿಯಾಕೆಗೆ ಫೋನ್ ಮಾಡಿ, ಚೀಸು ಇಟ್ಟು ಮಾರಿದ್ದೆವು ಅಂತ ಹೇಳಿಬಿಡಿ ಎಂದು ಅಂಗಲಾಚಿದೆ. ಆಕೆ, "ಕರ್ಕೊಂಡು ಬನ್ನಿ ಸಾರ್" ಎಂದಳು.

ಕರೆದುಕೊಂಡು ಹೋದೆ. ಅಂಗಡಿಯಾಕೆ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡು ಕುರ್ಚಿಯಲ್ಲಿ ಕೂರಿಸಿದಳು. "ಅಮ್ಮಾ, ನಿಮ್ಮ ಚೀಸು ಇಟ್ಟ ನಾಲ್ಕೇ ದಿನಕ್ಕೆ ಖಾಲಿ! ಇವತ್ತಿಗೂ ಕೇಳ್ತಾರೆ" ಎಂದಳು. ಮೇಲಿನ ಸಾಲಿನಲ್ಲಿ ಜಾಗವನ್ನೂ ಬೆರಳಿಟ್ಟು ತೋರಿಸಿದಳು. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದಳು. ಅಕ್ಕ ಆ ಜಾಗವನ್ನೇ ನೋಡುತ್ತಾ ಕೂತಳು. ಕೊನೆಗೆ ಕೇಳಿದಳು:

"ನಡುವೆ ಮೆಣಸು ಇಕ್ಕಿದ್ನಲ್ಲಮ್ಮಾ, ಅದು ಗಿರಾಕಿಗಳಿಗೆ ಹಿಡಿಸ್ತಾ?"

"ಅಯ್ಯೋ, ಆ ಮೆಣಸಿಗೇ ಅಲ್ವಾ ಅಮ್ಮಾ ಜನ ಬಿದ್ದದ್ದು!"

ಅಕ್ಕ ತಲೆಯಾಡಿಸಿದಳು. ಆಕೆಗೆ ಕೈಮುಗಿದು, ನನ್ನ ಭುಜ ಹಿಡಿದುಕೊಂಡು ಹೊರಗೆ ಬಂದಳು. ಹತ್ತು ಹೆಜ್ಜೆ ನಡೆದ ಮೇಲೆ ನಿಂತಳು.

"ನಾನು ಮೆಣಸು ಇಕ್ಕೇ ಇರ್ಲಿಲ್ಲ ಕಣ್ಲಾ" ಎಂದಳು. "ಏನ್ಮಾಡ್ದೆ ಹೇಳು."

ಆ ಫುಟ್‌ಪಾತಿನ ಮೇಲೆ, ಅರವತ್ತು ದಾಟಿದ ನಾನು, ಎಲ್ಲವನ್ನೂ ಹೇಳಿದೆ. ಬಿಚ್ಚಿದ್ದು, ಮೂಸಿದ್ದು, ಗೌರಿಬಿದನೂರು, ಕಸದ ಡಬ್ಬಿ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಬಿಳೀದು ಪೂರಾ ಬಂದಿತ್ತಾ? ಸುತ್ತಲೂ?" ಎಂದು ಕೇಳಿದಳು.

"ಪೂರಾ ಬಂದಿತ್ತಕ್ಕ. ಅಂಗಡೀಲಿರೋದಕ್ಕಿಂತ ಚೆನ್ನಾಗಿತ್ತು." ಆ ದಿನ ನಾನು ಆಡಿದ ನಿಜಗಳಲ್ಲಿ ಅದೇ ಅವಳಿಗೆ ಬೇಕಾಗಿದ್ದದ್ದು ಅನ್ನಿಸುತ್ತದೆ.

ಸಾಯಂಕಾಲದ ರೈಲಿನಲ್ಲಿ ಅವಳು ನನ್ನ ಕಡೆ ತಿರುಗಲಿಲ್ಲ. ದೊಡ್ಡಬಳ್ಳಾಪುರ ದಾಟಿದ ಮೇಲೆ ಎದುರಿಗೆ ಕೂತ ಹೆಂಗಸು ಎಲೆಅಡಿಕೆ ಕೊಡುತ್ತಾ, "ಯಾವೂರಮ್ಮಾ? ಏನ್ ಕೆಲ್ಸದ ಮ್ಯಾಲೆ ಬಂದಿದ್ರಿ?" ಎಂದು ಮಾತಿಗೆಳೆದಳು.

"ಕಲ್ಯಾಣದುರ್ಗದ ಕಡೆಯೋರು ಕಣಮ್ಮ. ಮಂಡಿ ತೋರ್ಸಾಕೆ ಬಂದಿದ್ವಿ" ಎಂದಳು ಅಕ್ಕ. ಎಲೆಗೆ ಸುಣ್ಣ ಹಚ್ಚಿದಳು, ಮಡಿಸಿದಳು. "ಹಂಗೇ ಅಂಗ್ಡೀನೂ ನೋಡ್ಕಂಡು ಬಂದ್ವಿ. ನನ್ನ ಚೀಜು ಬೆಂಗ್ಳೂರಲ್ಲಿ ಮಾರ್ತಾರೆ. ನಾಕೇ ದಿನಕ್ಕೆ ಖಾಲಿಯಂತೆ. ನಡುವೆ ಮೆಣಸು ಇಕ್ಕಿದ್ದೆ, ಅದ್ಕೇ ಜನ ಬಿದ್ದದ್ದಂತೆ."

ಆಮೇಲೆ ಮೊದಲನೇ ಸಲ ನನ್ನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: "ಹೌದೇನ್ಲಾ?"

"ಹೌದಕ್ಕ" ಎಂದೆ. "ಮೆಣಸು ಸ್ವಲ್ಪ ಖಾರ ಆಯ್ತು ಅಂದ್ರು, ಅಷ್ಟೇ."