ಕುಂಬ್ರಕ್ಕೆ ಬಂದ ಫ್ರಾಂಕೋನಿಯಾ

ಅರ್ಧ ಗೊತ್ತಿರುವುದನ್ನು ಪೂರ್ತಿ ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಪುತ್ತೂರು ಬಳಿಯ ಕುಂಬ್ರದ ನನ್ನ ಬಟ್ಟೆ ಅಂಗಡಿಯಲ್ಲಿ ಅದರಿಂದ ವ್ಯಾಪಾರ ಕುದುರುತ್ತದೆ, ಮನೆಯಲ್ಲಿ ಮಾತ್ರ ಮರ್ಯಾದೆ ಹೋಗುತ್ತದೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ನಸೀಮಾ, ಊರು ನೋಡಲು ಬಂದ ತನ್ನ ವಾರ್ಡಿನ ಮುಖ್ಯಸ್ಥೆ ಬಾರ್ಬರಾ ಅವರನ್ನು ನಮ್ಮಲ್ಲಿಗೆ ಊಟಕ್ಕೆ ಕರೆತಂದಳು. “ಮಾಮ, ನನ್ನ ರಜೆ, ಡ್ಯೂಟಿ ಎಲ್ಲ ಇವರ ಕೈಯಲ್ಲಿ ಉಂಟು. ಮಾತಾಡುವಾಗ ಸ್ವಲ್ಪ ಜಾಗ್ರತೆ ಆಯ್ತಾ” ಎಂದು ಮೊದಲೇ ಎಚ್ಚರಿಸಿದ್ದಳು.

ನ್ಯೂರೆಂಬರ್ಗ್ ಇರುವುದು ಬವೇರಿಯಾ ರಾಜ್ಯದಲ್ಲಿ ಎಂದು ಫೋನಿನಲ್ಲಿ ನೋಡಿಕೊಂಡಿದ್ದೆ. ಇಷ್ಟು ಗೊತ್ತಾದ ಮೇಲೆ ಸುಮ್ಮನಿರಲಾದೀತೇ? ಬವೇರಿಯಾದ ಬಾವುಟದ ಬಣ್ಣವೆಂದು ಅಂಗಡಿಯಿಂದ ನೀಲಿ-ಬಿಳಿ ಚೌಕುಳಿಯ ಹೊಸ ಲುಂಗಿ ತಂದು ಮೇಜಿಗೆ ಹಾಸಿ, “ಬವೇರಿಯಾಕ್ಕೆ ಸ್ವಾಗತ!” ಎಂದೆ.

ಅಕ್ಕಿರೊಟ್ಟಿಯಂಥ ಪತ್ತಿರಿ ಮುರಿಯುತ್ತಿದ್ದ ಬಾರ್ಬರಾ ಕೈ ನಿಲ್ಲಿಸಿದರು. ತಾವು ಬವೇರಿಯಾದವರಲ್ಲ, ಫ್ರಾಂಕೋನಿಯಾದವರು. ಇನ್ನೂರು ವರ್ಷಗಳ ಹಿಂದೆ ನೆಪೋಲಿಯನ್ನನ ಕಾಲದ ಗಡಿಬಿಡಿಯಲ್ಲಿ ತಮ್ಮ ನಾಡನ್ನು ಬವೇರಿಯಾಕ್ಕೆ ಸೇರಿಸಿಬಿಟ್ಟರು. ತಮ್ಮ ಮಾತಿನ ಧಾಟಿ ಬೇರೆ, ಬಾವುಟವೂ ಬೇರೆ, ಅದು ಕೆಂಪು-ಬಿಳಿ ಎಂದು ನಸೀಮಾಳ ಮೂಲಕ ವಿವರಿಸಿದರು. ತಮ್ಮೂರಿನ ಹಂದಿಮಾಂಸದ ಸಾಸೇಜಿನವರೆಗೆ ಬಂದವರು ನನ್ನ ಟೊಪ್ಪಿ ನೋಡಿ ಅಲ್ಲಿಗೇ ನಿಲ್ಲಿಸಿದರು. ನಸೀಮಾಳ ಮುಖ ಬಿಳಚಿಕೊಂಡಿತು. ಅಂಗಡಿಯಲ್ಲಿ ಕೆಂಪು-ಬಿಳಿ ಲುಂಗಿಯೂ ಇತ್ತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಆದರೂ ಒಳಗೊಳಗೇ ನಗು. ಇಚಿಲಂಪಾಡಿ ಹಳ್ಳಿ ಪುತ್ತೂರಿನಿಂದ ಹೊಸ ಕಡಬ ತಾಲೂಕಿಗೆ ಸೇರಿದ ಮೇಲೂ ಅಲ್ಲಿರುವ ನನ್ನ ಭಾವ ಊರು ಕೇಳಿದವರಿಗೆ ಪುತ್ತೂರು ಎನ್ನುತ್ತಾರೆ. ಇಂಥದ್ದಕ್ಕೆಲ್ಲ ಊಟ ನಿಲ್ಲಿಸುತ್ತಾರೆಯೇ?

ಅಷ್ಟರಲ್ಲಿ ಹೆಂಡತಿ ಇನ್ನಷ್ಟು ಬಡಿಸಲೇ ಎಂದು ನಮ್ಮ ಭಾಷೆಯಲ್ಲಿ ಕೇಳಿದಳು. ಬಾರ್ಬರಾ ಮುಖವರಳಿಸಿ, ಇದು ಮಲಯಾಳಂ ಅಲ್ಲವೇ, ವಾರ್ಡಿನ ಕೇರಳದ ನರ್ಸುಗಳ ಬಾಯಲ್ಲಿ ದಿನಾ ಕೇಳುತ್ತೇನೆ ಎಂದರು.

ನನ್ನ ಪಿತ್ತ ನೆತ್ತಿಗೇರಿತು. “ಮಲಯಾಳಂ ಅಲ್ಲ, ಬ್ಯಾರಿ!” ಎಂದು ಶುರು ಮಾಡಿದವನು ಕಡಲ ವ್ಯಾಪಾರ, ತುಳುವಿನ ನೆಂಟಸ್ತಿಕೆ, ಮದುವೆಯ ಹಾಡು ಎಲ್ಲ ಮುಗಿಸುವಾಗ ಕೋಳಿ ಸಾರು ಆರಿಹೋಗಿತ್ತು.

“ಎಂತ ಮಾರಾಯ್ರೆ, ನೀವು ಸಹ ಫ್ರಾಂಕೋನಿಯಾದವರಾ?” ಎಂದಳು ಹೆಂಡತಿ.

ಬಾರ್ಬರಾ ಮಾತ್ರ ಎದ್ದು ಬಂದು ನನ್ನ ಕೈ ಕುಲುಕಿದರು. ನಸೀಮಾ ಮಲಯಾಳಿ ಅಲ್ಲ, ಬ್ಯಾರಿ ಎಂದು ಇಡೀ ಆಸ್ಪತ್ರೆಗೆ ತಾವೇ ತಿಳಿಸುವುದಾಗಿ ಮಾತು ಕೊಟ್ಟು ಕೈ ತೊಳೆಯಲು ಹೋದರು.

ನಸೀಮಾ ಹಣೆ ಚಚ್ಚಿಕೊಂಡಳು. “ಮಾಮ, ಮಲಯಾಳಿ ಅಂತ ಹೇಳಿಯೇ ನಾನು ಅಲ್ಲಿ ಓಣಂ ಊಟಕ್ಕೆ ಹೋಗುದು! ಇನ್ನು ಪಾಯಸ ಇಲ್ಲ.”

“ಒಂದು ಪಾಯಸಕ್ಕೆ ನಮ್ಮತನ ಬಿಡುದಾ?” ಎಂದು ಗದರಲು ಬಾಯಿ ತೆರೆದೆ. ಹೆಂಡತಿ ಮೆಲ್ಲಗೆ ಕೆಮ್ಮಿದಳು. ದುಬೈಯ ಮಲಯಾಳಿ ಮೆಸ್ಸಿನಲ್ಲಿ ಉಂಡ ಹನ್ನೊಂದು ವರ್ಷವೂ ನಾನು ಕಾಸರಗೋಡಿನ ಮಲಯಾಳಿಯಾಗಿದ್ದೆ ಎಂಬುದು ಅವಳಿಗೆ ಗೊತ್ತು. ತೆರೆದ ಬಾಯಿಗೆ ಒಂದು ತುಂಡು ಪತ್ತಿರಿ ಹಾಕಿಕೊಂಡೆ.