ಎಸ್ ಅಕ್ಷರದ ಗಂಡ

ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಭಾಗ ಎಸ್ ಅಕ್ಷರದ್ದು. ಇದನ್ನು ಯಾವ ಪ್ರೊಫೆಸರೂ ನನಗೆ ಹೇಳಿಕೊಟ್ಟಿರಲಿಲ್ಲ. ಮರಾಠಿ ಸೀಮೆಯ ಇಚಲಕರಂಜಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ಧೋತರ ನೇಯಿಸುವ ನನಗೆ ಅದು ಗೊತ್ತಾದದ್ದು ಹೆಂಡತಿಯ ಹಟದಿಂದ. ಕಾರಣ, ನನ್ನ ಹೆಸರು ಸುಕುಮಾರ.

ನಮ್ಮ ರಾಜಮತಿ ಗಂಡನ ಹೆಸರು ಹೇಳುವವಳಲ್ಲ. ಹೆಸರು ಹಾಳಾಗಲಿ, 'ಸ' ಎಂದು ಶುರುವಾಗುವ ಯಾವ ಶಬ್ದವನ್ನೂ ಬಾಯಿಂದ ಹೊರಡಿಸಳು. ಹೊರಡಿಸಿದರೆ ನನ್ನ ಆಯುಷ್ಯ ಕಡಿಮೆಯಾಗುತ್ತದಂತೆ. ಹೀಗಾಗಿ ನಮ್ಮ ಮನೆಯಲ್ಲಿ ಸಕ್ಕರೆ ಎಂದರೆ 'ಚಹಾಕ್ಕ ಹಾಕೋದು', ಸೋಮವಾರ ಎಂದರೆ 'ಆಯಿತವಾರದ ಮರುದಿನ', ಸಾಂಗಲಿ ಎಂದರೆ 'ಮಿರಜ ದಾಟಿದ ಮ್ಯಾಲಿನ ಊರು'. (ಸಾಂಗಲಿ ಅವಳ ತವರು. ನನಗಾಗಿ ತವರಿನ ಹೆಸರನ್ನೇ ಬಿಟ್ಟ ಪತಿವ್ರತಾ ಶಿರೋಮಣಿ! ನೆನೆದಾಗಲೆಲ್ಲ ನನ್ನ ಎದೆ ಎರಡಿಂಚು ಉಬ್ಬುತ್ತಿತ್ತು.)

ಉಬ್ಬಿದ್ದು ಇಳಿದದ್ದು ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. ಊರ ಹೊರಗೆ ಹೊಸ ಇಂಗ್ಲಿಷ್ ಶಾಲೆ ಶುರುವಾಯಿತು. ನಮ್ಮ ಐದು ವರ್ಷದ ಅಲಕಾಳನ್ನು ಅಲ್ಲಿಗೇ ಹಾಕಬೇಕೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಆದರೆ ಅಲ್ಲಿ ಮಕ್ಕಳಿಗಿಂತ ಮೊದಲು ತಾಯಂದಿರ ಪರೀಕ್ಷೆ. ತಾಯಿ ಇಂಗ್ಲಿಷಿನಲ್ಲಿ ಬಾಯಿಬಿಡದಿದ್ದರೆ ಮಗುವಿಗೆ ಜಾಗವಿಲ್ಲ. ಪಕ್ಕದ ಮನೆಯ ಮಾಣಿಕಬಾಯಿ ಗುಡ್ ಮಾರ್ನಿಂಗ್ ಎಂದು ಕೈಮುಗಿದು ಕೂತವಳು ಎದ್ದು ಬರುವವರೆಗೂ ಇನ್ನೊಂದು ಮಾತಾಡಲಿಲ್ಲ. ಅವಳ ಮಗನ ಅರ್ಜಿ ಅಂದೇ ವಾಪಸ್ಸು ಬಂತು.

ನಾನು ಕೊಲ್ಹಾಪುರಕ್ಕೆ ಹೋಗಿ ಹಳೆ ಪುಸ್ತಕದವನಿಂದ ಒಂದು ನಿಘಂಟು ತಂದೆ. ದಿನಕ್ಕೊಂದು ಅಕ್ಷರ, ಅಕ್ಷರಕ್ಕೆ ಇಪ್ಪತ್ತು ಶಬ್ದ, ಅರ್ಥಸಹಿತ. ರಾಜಮತಿ ರೊಟ್ಟಿ ಬಡಿಯುತ್ತಲೇ ಎ ಇಂದ ಆರ್ ತನಕ ನುಂಗಿ ನೀರು ಕುಡಿದಳು. ಕ್ಯೂ ಅಕ್ಷರದ ದಿನ 'ಕ್ವಾರಲ್' ಎಂದರೆ ಜಗಳ ಎಂಬುದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಹತ್ತೊಂಬತ್ತನೆಯ ದಿನ ಎಸ್ ಬಂತು.

"ಸಾಲ್ಟ್ ಅಂದ್ರ?"

"ಉಪ್ಪು."

"ಉಪ್ಪಿಗೆ ಇಂಗ್ಲೀಷಿನ್ಯಾಗ ಏನಂತಾರ?"

"ಉಪ್ಪು ಅಂತಾರ."

"ಹೋಗ್ಲಿ, ಸ್ನೇಕ್ ಅಂದ್ರ?"

"ಹಾವು. ಅರ್ಥ ಎಲ್ಲಾ ಗೊತ್ತೈತ್ರಿ ನನಗ. ಬಾಯಿಲೆ ಹೇಳಂದ್ರ ಹೇಳಂಗಿಲ್ಲ."

"ಅಲ್ಲಾ, ನೀ ಇಂಗ್ಲೀಷ್ ಹಾವು ಹೇಳಿದ್ರ ಈ ಸುಕುಮಾರ ಹೆಂಗ ಸಾಯ್ತಾನ?"

"ಥೂ, ಬಿಡ್ತು ಅನ್ರಿ!"

"ಅಲ್ಲಿ ಹೆಡ್‌ಮಿಸ್ಟ್ರೆಸ್ಸಿಗೆ ಸಿಸ್ಟರ್ ಅನಬೇಕು. ನೀ ಏನಂತ ಕರೀತಿ?"

"ಮೌಶಿ ಅಂತೇನಿ, ಚಿಕ್ಕವ್ವಗ ಅಂದಂಗ."

ನಾನು ಸಿಡಿದುಬಿದ್ದೆ. "ನಿನ್ನ ಹಟಕ್ಕ ಹುಡುಗಿ ನಸೀಬ ಹಾಳಾಗ್ತೈತಿ! ಒಂದ್ ಸಲ ನನ್ನ ಹೆಸರು ಹೇಳಿ ನೋಡು, ಸತ್ರ ನಾ ಸಾಯ್ತೇನಿ!"

ನಮ್ಮವ್ವ ಜಪ ನಿಲ್ಲಿಸಿ ಒಳಗಿನಿಂದ, "ಹಂಗೆಲ್ಲಾ ಅನಬಾರದಪಾ" ಎಂದಳು. ರಾಜಮತಿ ಕಣ್ಣೊರೆಸಿಕೊಂಡು ರೊಟ್ಟಿ ಬಡಿದಳು. ಅಂದಿನ ರೊಟ್ಟಿಯಷ್ಟು ತೆಳ್ಳಗಿನ ರೊಟ್ಟಿ ನಾನು ಜನ್ಮದಲ್ಲಿ ತಿಂದಿಲ್ಲ.

ಪರೀಕ್ಷೆಯ ದಿನ ಸಿಸ್ಟರ್ ಕೇಳಿದ ಮೊದಲನೆಯ ಪ್ರಶ್ನೆಯೇ "ಫಾದರ್ಸ್ ನೇಮ್?" ರಾಜಮತಿ ನೆಲ ನೋಡಿದಳು. ನಾನು ಹೇಳಹೋದರೆ ಸಿಸ್ಟರ್ ಕೈಯೆತ್ತಿ ತಡೆದರು. ಅರ್ಧ ನಿಮಿಷ ಕಾದು, ಅಲಕಾಳ ಅರ್ಜಿಯನ್ನು ವಾಪಸ್ಸು ಕಳಿಸುವ ಅರ್ಜಿಗಳ ಗುಡ್ಡೆಯತ್ತ ಸರಿಸಿದರು. ರಾಜಮತಿ ಮಗಳ ಮುಖ ನೋಡಿದಳು. ಕಣ್ಣು ಮುಚ್ಚಿಕೊಂಡಳು.

"ಸುಕುಮಾರ!"

ಕಿಟಕಿಯ ಗಾಜು ನಡುಗಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸಾಲ್ಟ್ ಅಂದರೆ ಉಪ್ಪು, ಸೋಪ್ ಅಂದರೆ ಸಾಬೂನು, ಸ್ನೇಕ್ ಅಂದರೆ ಹಾವು ಎಂದು ಇಪ್ಪತ್ತೂ ಶಬ್ದ ಒಂದೇ ಉಸಿರಿನಲ್ಲಿ ಒದರಿದಳು. ('ಸ್ಟುಪಿಡ್' ಎನ್ನುವಾಗ ಕಣ್ಣು ತೆರೆದು ನನ್ನ ಕಡೆ ನೋಡಿದಳು.) ಸಿಸ್ಟರ್ "ವೆರಿ ಗುಡ್!" ಎಂದು ಅರ್ಜಿಗೆ ಠಸ್ಸೆ ಒತ್ತಿದರು. ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದ ರಾಜಮತಿ ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಸುಕುಮಾರ" ಎಂದಳು. ಸ್ಕೂಟರು ಗಟಾರದ ಅಂಚಿಗೆ ಹೋಗಿ ಬಂತು.

"ಏನಾತು?"

"ಏನೂ ಇಲ್ರಿ. ನಿಮಗೇನರ ಆಗ್ತೈತೇನು ಅಂತ ನೋಡಿದ್ನಿ." ಸ್ಕೂಟರು ನೆಟ್ಟಗಾಗುತ್ತಲೇ ಇನ್ನೂ ಜೋರಾಗಿ, "ಸುಕುಮಾರ!"

ಏನೂ ಆಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು. ಮರುದಿನದಿಂದ ಮಾಳಿಗೆಯ ಮೇಲೆ ನಿಂತು, ಕೆಳಗೆ ಮಗ್ಗಗಳ ಖಟಖಟದ ಮೇಲೂ ಕೇಳುವ ಹಾಗೆ, "ಸುಕುಮಾರ! ಸಕ್ಕರಿ ತೀರೇತಿ! ಸಾಬಾಣ ತಾ! ಸೋಮವಾರ ಸಾಂಗಲಿಗೆ ಹೋಗೂನು!" ಹನ್ನೆರಡು ವರ್ಷ ಅದುಮಿಟ್ಟ 'ಸ'ಕಾರವೆಲ್ಲ ಒಮ್ಮೆಲೇ ಕಟ್ಟೆಯೊಡೆದಿತ್ತು. ನೇಯುವವರು ಲಾಳಿ ನಿಲ್ಲಿಸಿ ನಕ್ಕರು. ಹೆಸರು ಬಾಯಿಗೆ ಬಂದದ್ದೇ ತಡ, 'ರೀ' ಎಲ್ಲೋ ಬಿದ್ದುಹೋಗಿತ್ತು. ನಾನು ಅಂಗಲಾಚಿದೆ, "ಮಾರಾಯ್ತಿ, ಮೊದಲಿನಂಗ ಇರು." ಅವಳೆಂದಳು, "ನೀನಽ ಹೇಳ ಅಂದಿ, ಹೇಳಾಕತ್ತೇನಿ!"

ಎಂಟನೆಯ ದಿನ ಅವ್ವ ನನ್ನ ಮೈದಡವಿ ಕೇಳಿದಳು, "ಎಪ್ಪಾ, ಜ್ವರಾ, ಕೆಮ್ಮಾ, ಏನೂ ಬಂದಿಲ್ಲೇನು?"

"ಇಲ್ಲವ್ವಾ, ಗುಂಡಿನಂಗ ಅದೇನಿ."

ಅವ್ವ ಸೀದಾ ಕಟ್ಟೆಗೆ ಹೋದಳು. ಐವತ್ತು ವರ್ಷದಿಂದ 'ಕೇಳಿದ್ರೇನ್ರಿ' ಎಂಬುದಕ್ಕಷ್ಟೇ ಓಗೊಟ್ಟ ಅಪ್ಪ ಅಲ್ಲಿ ಪೇಪರ್ ಓದುತ್ತ ಕೂತಿದ್ದರು.

"ಧನಪಾಲ! ಆ ಪೇಪರ್ ಇಡು. ಹಿಟ್ಟು ಬೀಸಿಸ್ಕೊಂಡ ಬಾ."

ಅಪ್ಪನ ಕನ್ನಡಕ ಮೂಗಿನಿಂದ ಜಾರಿತು. ಹುಲಿಯಂಥ ಅಪ್ಪ ದಿಗ್ಗನೆದ್ದು, "ಏನ್ರೀ?" ಎಂದರು! ಅಷ್ಟರಲ್ಲಿ ಮಾಳಿಗೆಯ ಮೇಲಿಂದ "ಸುಕುಮಾರ!" ಎಂದು ಕೇಳಿಸಿತು. ನಾನು "ಬಂದೆ ರೀ" ಎಂದೆ.

ಹಿಟ್ಟಿನ ಡಬ್ಬಿ ಹೊತ್ತ ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆ ಕೂಸಿನ್ನ ಮರಾಠಿ ಸಾಲಿಗಿ ಹಾಕಿದ್ರ ನಿನ್ನ ಗಂಟೇನ್ ಹೋಗ್ತಿತ್ತಲೇ?"